ಎಐ ನಮ್ಮನ್ನು ಮುಗಿಸುತ್ತಾ? ಮಗಳು ಕೇಳಿದ್ದಾಳೆ, ಏನಂತ ಹೇಳಲಿ?

ಹಳೇ ಗುಮಾಸ್ತ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗಳು ಪಿಯುಸಿ ಮೊದಲ ವರ್ಷ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದೆ. ವಿಷಯ ನೀವೇ ಊಹಿಸಬಹುದು: ‘ಕೃತಕ ಬುದ್ಧಿಮತ್ತೆ ವರವೋ ಶಾಪವೋ’. ನಾನು ಓದುವಾಗ ದೂರದರ್ಶನ ವರವೋ ಶಾಪವೋ ಅಂತ ಇತ್ತು. ಆಮೇಲೆ ಮೊಬೈಲ್ ಬಂತು. ಹಳೇ ಬ್ಯಾನರಿನಲ್ಲಿ ಒಂದು ಪದ ಬದಲಾಯಿಸಿದರೆ ಆಯ್ತು, ಖರ್ಚೂ ಕಡಿಮೆ.

ಇವಳಿಗೆ ಬಂದಿರುವುದು ಶಾಪದ ಪಕ್ಷ. ನಿನ್ನೆ ಊಟಕ್ಕೆ ಕೂತಾಗ ಕೇಳಿದಳು: “ಅಪ್ಪಾ, ಜೆಫ್ರಿ ಹಿಂಟನ್ ಅನ್ನೋ ಎಐ ವಿಜ್ಞಾನಿ 30 ವರ್ಷದೊಳಗೆ ಎಐನಿಂದ ಮನುಷ್ಯರೆಲ್ಲ ಅಳಿದುಹೋಗೋ ಸಾಧ್ಯತೆ 10ರಿಂದ 20 ಪರ್ಸೆಂಟ್ ಇದೆ ಅಂದಿದ್ದಾರಂತೆ. ಆಗ ನನಗೆ 46. ಇದು ನಿಜಾನಾ?” ನಾನು ಸಾರು ಬಡಿಸಿಕೊಳ್ಳುತ್ತಾ “ಹಾಗೇನೂ ಆಗಲ್ಲ ಕಣೇ” ಅಂದೆ. “ಯಾಕೆ ಆಗಲ್ಲ?” ಅಂದಳು. ಸಾರು ಚೆನ್ನಾಗಿದೆ ಅಂತ ಮಾತು ತಿರುಗಿಸಿದೆ.

ಭಾಷಣಕ್ಕೆ ಪಾಯಿಂಟ್ಸ್ ಬೇಡ, ಅವು ಬೇಕಾದಷ್ಟು ಸಿಗುತ್ತವೆ. ಮಗಳಿಗೆ ಏನು ಹೇಳಲಿ ಅಂತ ಹೇಳಿ.

ಕುಂದಾಪ್ರ ಮಾಣಿ · 9:52

ಭಸ್ಮಾಸುರನ ಕತೆ ಹೇಳಿಸಿ ಮಾರಾಯ್ರೆ. ವರ ಕೊಟ್ಟವನ ತಲೆ ಮೇಲೇ ಕೈ ಇಡಲು ಬಂದ ಅಂತ. ಫಸ್ಟ್ ಪ್ರೈಜ್ ಗ್ಯಾರಂಟಿ.

ಕೋಡ್‌ಬಳೆ · 10:05

ಮಾಣಿ, ಸ್ಟೇಜ್ ಹತ್ತುವ ಹತ್ತು ಮಕ್ಕಳಲ್ಲಿ ಎಂಟು ಜನ ಅದನ್ನೇ ಹೇಳುತ್ತಾರೆ ಗುರು.

ಗುಮಾಸ್ತರೇ, ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವನು. ಹಗಲೆಲ್ಲಾ ಮಾಡೆಲ್ ಟ್ರೈನ್ ಮಾಡುವುದು (ರಾಶಿ ಮಾಹಿತಿ ಕೊಟ್ಟು ಎಐಗೆ ಕಲಿಸುವುದು), ರಾತ್ರಿ ಅದು ಯಾಕೆ ಹಳ್ಳ ಹಿಡಿಯಿತು ಅಂತ ಹುಡುಕುವುದು. ಮೊನ್ನೆ ನಮ್ಮ ಮಾಡೆಲ್‌ಗೆ ಕನ್ನಡದಲ್ಲಿ ಒಂದು ಪ್ರಶ್ನೆ ಹಾಕಿದೆವು: ಅಮ್ಮನ ಅಮ್ಮನ ತಮ್ಮನ ಮಗಳು ನನಗೆ ಏನಾಗಬೇಕು? ‘ಚಿಕ್ಕಮ್ಮ’ ಅಂತು, ಅದೂ ಭಾರಿ ಧೈರ್ಯದಿಂದ. ಅತ್ತೆ ಆಗಬೇಕು. (ಟೀಮಿನಲ್ಲಿದ್ದ ಮೂವರು ಕನ್ನಡದವರು ಸೇರಿ ‘ಅತ್ತೆ’ ಅಂತ ಕಂಡುಹಿಡಿಯಲು ಎರಡು ನಿಮಿಷ ಹಿಡಿಯಿತು ಅನ್ನುವುದು ಬೇರೆ ಮಾತು.) ಇದು ನಾಳೆ ಪ್ರಪಂಚ ಮುಗಿಸುತ್ತದೆ ಅಂದರೆ ನನಗೆ ನಗು ಬರುತ್ತದೆ.

ಹಿಂಟನ್ ದೊಡ್ಡವರು, ಒಪ್ಪುತ್ತೇನೆ. 2024ರಲ್ಲಿ ಫಿಸಿಕ್ಸ್ ನೊಬೆಲ್ ಬಂತು. ಆದರೆ ಮಗಳಿಗೆ ಇದನ್ನೂ ಹೇಳಿ. ಕಂಪ್ಯೂಟರ್ ಕ್ಷೇತ್ರದ ನೊಬೆಲ್ ಅನ್ನುವ ಟ್ಯೂರಿಂಗ್ ಪ್ರಶಸ್ತಿ, 2018ರದ್ದು, ಮೂವರಿಗೆ ಒಟ್ಟಿಗೆ ಬಂತು: ಹಿಂಟನ್, ಯೋಶುವಾ ಬೆಂಜಿಯೋ, ಯಾನ್ ಲೆಕನ್. ಮೊದಲಿಬ್ಬರು ಹೆದರಿದ್ದಾರೆ. ಮೂರನೆಯವರು ಈಗಿನ ಎಐಗೆ ಬೆಕ್ಕಿನಷ್ಟೂ ಬುದ್ಧಿ ಇಲ್ಲ ಅನ್ನುತ್ತಾರೆ. ಒಂದೇ ಕೆಲಸಕ್ಕೆ ಒಂದೇ ಬಹುಮಾನ ತಗೊಂಡವರಲ್ಲೇ ಒಮ್ಮತ ಇಲ್ಲ. ಆ 10ರಿಂದ 20 ಪರ್ಸೆಂಟ್ ಅನ್ನುವುದು ಮಳೆ ಲೆಕ್ಕದ ಹಾಗೆ ಅಳೆದು ಬಂದ ಸಂಖ್ಯೆಯೂ ಅಲ್ಲ. ಅನುಭವದ ಮೇಲೆ ಮಾಡಿದ ಅಂದಾಜು ಅಷ್ಟೇ.

ಅದೇ ಹಿಂಟನ್ 2016ರಲ್ಲಿ ಏನು ಹೇಳಿದ್ದರು ಗೊತ್ತಾ? ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವುದು ಈಗಲೇ ನಿಲ್ಲಿಸಿ, 5 ವರ್ಷದಲ್ಲಿ, ಹೆಚ್ಚೆಂದರೆ 10 ವರ್ಷದಲ್ಲಿ ಯಂತ್ರವೇ ಅವರಿಗಿಂತ ಚೆನ್ನಾಗಿ ನೋಡುತ್ತದೆ ಅಂತ.

ಎಕ್ಸ್‌ರೇ ಅಕ್ಕ · 10:31

ನನ್ನ ಹೆಸರು ಕರೆದ ಹಾಗಾಯ್ತು! ಆ ವಿಡಿಯೋ ಬಂದಾಗ ನಾನು ರೇಡಿಯಾಲಜಿ ಪಿಜಿ ಮಾಡುತ್ತಿದ್ದೆ. ಅಪ್ಪ ವಾಟ್ಸಾಪ್‌ನಲ್ಲಿ ಕಳಿಸಿ “ಏನಮ್ಮಾ ಇದು, ಬೇರೆ ಏನಾದ್ರೂ ತಗೋಬೇಕಿತ್ತಾ?” ಅಂದಿದ್ದರು. ಇವತ್ತಿಗೂ ಕೆಲಸ ಇದೆ. ಜಾಸ್ತಿಯೇ ಇದೆ. ಈ ಭಾನುವಾರವೂ ಡ್ಯೂಟಿ.

ಆದರೆ ತಮ್ಮಾ ಕೋಡ್‌ಬಳೆ, ಇದನ್ನು ಹೇಳಿ ನಗುವಷ್ಟು ಸುಲಭ ಇಲ್ಲ. ನಮ್ಮಲ್ಲಿ ಎದೆಯ ಎಕ್ಸ್‌ರೇ ನೋಡುವ ಒಂದು ಸಾಫ್ಟ್‌ವೇರ್ ಬಂದಿದೆ. ಟಿಬಿ ಕಲೆ ಹಿಡಿಯುವುದರಲ್ಲಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ತೊಂದರೆ ಶುರುವಾಗಿದ್ದು ನನ್ನಲ್ಲಿ. ಮೊದಲು ಒಂದು ಫಿಲ್ಮ್ ಕೈಗೆ ಬಂದರೆ ಮೇಲಿಂದ ಶುರು ಮಾಡಿ ಎರಡೂ ಶ್ವಾಸಕೋಶ, ಪಕ್ಕೆಲುಬು, ಹೃದಯದ ನೆರಳಿನ ಹಿಂದೆ, ಡಯಾಫ್ರಂ ಕೆಳಗೆ ಅಂತ ಒಂದು ಸುತ್ತು ಹಾಕುತ್ತಿದ್ದೆ. ಪಿಜಿಯಲ್ಲಿ ನಮ್ಮ ಸರ್ ಬೈದು ಬೈದು ಕಲಿಸಿದ ಸುತ್ತು ಅದು. ಈಗ ಮೂಲೆಯಲ್ಲಿ ಮೊದಲೇ ‘ನಾರ್ಮಲ್’ ಅಂತ ಹಸಿರು ಅಕ್ಷರ ಇರುತ್ತದೆ. ಕಣ್ಣು ಸುತ್ತು ಹಾಕುತ್ತದೆ, ಆದರೆ ನೋಡುವುದಿಲ್ಲ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುತ್ತಾ ಮನೆಯ ಗ್ಯಾಸ್ ಆಫ್ ಮಾಡಿದೆನಾ ಅಂತ ಯೋಚಿಸುತ್ತೇವಲ್ಲ, ಹಾಗೆ.

ಹೋದ ವರ್ಷ ಹೃದಯದ ನೆರಳಿನ ಹಿಂದೆ ಒಂದು ಸಣ್ಣ ಗಂಟು ಇತ್ತು. ಯಂತ್ರ ‘ನಾರ್ಮಲ್’ ಅಂತು. ನಾನೂ ಸೈನ್ ಹಾಕಿದೆ. ಒಂದು ವಾರದ ಮೇಲೆ ಬೇರೆ ಕಾರಣಕ್ಕೆ ಸಿಟಿ ಸ್ಕ್ಯಾನ್ ಮಾಡಿದಾಗ ಸಿಕ್ಕಿತು. ರೋಗಿಗೆ ತೊಂದರೆ ಆಗಲಿಲ್ಲ, ಪುಣ್ಯ. ಹಿಂದೆ ಹೋಗಿ ಆ ಎಕ್ಸ್‌ರೇ ತೆಗೆದು ನೋಡಿದೆ. ಕಾಣುತ್ತಿತ್ತು. ಮೊದಲಿನ ನಾನು ಅದನ್ನು ಬಿಡುತ್ತಿರಲಿಲ್ಲ.

ಸನ್ನಿವೇಲ್ ಸುಬ್ಬಿ · ಭಾನುವಾರ, ಬೆಳಗ್ಗೆ 6:15 (ಇಲ್ಲಿ ಅಮೆರಿಕದಲ್ಲಿ ಇನ್ನೂ ಶನಿವಾರ ಸಂಜೆ)

ಕೋಡ್‌ಬಳೆ ಹೇಳಿದ್ದರಲ್ಲಿ ಒಂದನ್ನು ಒಪ್ಪಲ್ಲ. ಹೆದರಿದವರು ಹಿಂಟನ್, ಬೆಂಜಿಯೋ ಇಬ್ಬರೇ ಅಲ್ಲ. 2023ರ ಮೇ 30ರಂದು ಒಂದೇ ಒಂದು ವಾಕ್ಯದ ಹೇಳಿಕೆ ಬಂತು. ಎಐನಿಂದ ಮನುಷ್ಯಕುಲ ಅಳಿಯುವ ಅಪಾಯವನ್ನು ಸಾಂಕ್ರಾಮಿಕ ರೋಗ, ಅಣುಯುದ್ಧದ ಸಾಲಿನಲ್ಲಿಟ್ಟು ನೋಡಬೇಕು ಅಂತ ಅದರ ಅರ್ಥ. ಸಹಿ ಹಾಕಿದವರಲ್ಲಿ ಸ್ಯಾಮ್ ಆಲ್ಟ್‌ಮನ್ (ಚಾಟ್‌ಜಿಪಿಟಿಯ ಓಪನ್‌ಎಐ), ಡೆಮಿಸ್ ಹಸಾಬಿಸ್ (ಗೂಗಲ್ ಡೀಪ್‌ಮೈಂಡ್), ಡಾರಿಯೋ ಅಮೊಡೈ (ಆಂಥ್ರೋಪಿಕ್) ಇದ್ದರು. ಅಂದರೆ ಅದನ್ನು ತಯಾರಿಸಿ ಮಾರುತ್ತಿರುವವರೇ. ಸಿಗರೇಟ್ ಕಂಪನಿ ತಾನಾಗಿ ಮುಂದೆ ಬಂದು ಶ್ವಾಸಕೋಶದ ಚಿತ್ರ ಹಾಕಿದ ಹಾಗೆ.

“ಅದು ಮಾರ್ಕೆಟಿಂಗ್, ನಮ್ಮ ಸಾಮಾನು ಅಷ್ಟು ಪವರ್‌ಫುಲ್ ಅಂತ ಹೇಳುವ ಉಪಾಯ” ಅಂತ ಇಲ್ಲಿ ತುಂಬಾ ಜನ ಅನ್ನುತ್ತಾರೆ. ಸ್ವಲ್ಪ ನಿಜವೂ ಇರಬಹುದು. ಆದರೆ ಮುಂದೇನಾಯ್ತು ನೋಡಿ. 2024ರಲ್ಲಿ ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 1047 ಅಂತ ಮಸೂದೆ ಬಂತು. ಟ್ರೈನ್ ಮಾಡಲು 10 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚಾಗುವ ಮಾಡೆಲ್‌ಗಳಿಗೆ ಮಾತ್ರ. ಮುಖ್ಯವಾಗಿ ಕೇಳಿದ್ದು ಏನು? ಸುರಕ್ಷತೆಗೆ ಏನು ಮಾಡುತ್ತೀರಿ ಅಂತ ಮೊದಲೇ ಬರೆದಿಡಿ, ಎಡವಟ್ಟಾದರೆ ಪೂರ್ತಿ ಆಫ್ ಮಾಡುವ ದಾರಿ ಇಟ್ಟುಕೊಳ್ಳಿ. ಅಷ್ಟು. ಮನೆಗೆ ಮೇನ್ ಸ್ವಿಚ್ ಹಾಕಿಸಿಕೊಳ್ಳಿ ಅಂದ ಹಾಗೆ. ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ವಿರೋಧ ಮಾಡಿದವು. ಆ ಹೇಳಿಕೆಗೆ ಸಹಿ ಹಾಕಿದ್ದ ಆಲ್ಟ್‌ಮನ್ ಅವರ ಓಪನ್‌ಎಐ ಕೂಡ. ಮಸೂದೆ ಎರಡೂ ಸದನಗಳಲ್ಲಿ ಪಾಸಾಯ್ತು, ಸೆಪ್ಟೆಂಬರ್ 29ಕ್ಕೆ ಗವರ್ನರ್ ನ್ಯೂಸಮ್ ವೀಟೋ ಮಾಡಿದರು.

ನನ್ನ ಭಯ ಇರುವುದು ಇಲ್ಲಿ. ಇಷ್ಟು ಜನಕ್ಕೆ ಅಪಾಯ ಗೊತ್ತಿದೆ. ಆದರೂ ಯಾರೂ ಕಾಲು ತೆಗೆಯುತ್ತಿಲ್ಲ, ಯಾಕೆಂದರೆ ಪಕ್ಕದವನೂ ಆಕ್ಸಿಲರೇಟರ್ ಒತ್ತುತ್ತಿದ್ದಾನೆ.

ಕುಂದಾಪ್ರ ಮಾಣಿ · 7:02

ನಮ್ಮ ಹೈವೇಯಲ್ಲಿ ಎರಡು ಖಾಸಗಿ ಬಸ್ ಓಡುವ ಹಾಗೆ. ಒಳಗೆ ಕೂತವರು ದೇವರ ಹೆಸರು ಹೇಳಬೇಕು.

ಕೋಡ್‌ಬಳೆ · 9:20

ಸುಬ್ಬಿ ಅಕ್ಕ, ಸರಿ. ನಾನು ನಿಜವಾಗಿ ಹೆದರುವ ಒಂದು ವಿಷಯ ಇದೆ, ಅದನ್ನು ಹೇಳಿಬಿಡುತ್ತೇನೆ. ಅದು ಸಿನಿಮಾ ರೋಬೋ ಅಲ್ಲ. ಒಂದು ದೋಣಿ.

2016ರಲ್ಲಿ ಓಪನ್‌ಎಐನವರು ಒಂದು ದೋಣಿ ರೇಸಿನ ವಿಡಿಯೋ ಗೇಮ್ ಆಡಲು ಎಐಗೆ ಕಲಿಸಿದರು. ರೇಸ್ ಬೇಗ ಮುಗಿಸಬೇಕು ಅನ್ನುವುದು ಅವರ ಆಸೆ. ಆದರೆ ಅದಕ್ಕೆ ಹೇಳಿದ್ದು ‘ಸ್ಕೋರ್ ಜಾಸ್ತಿ ಮಾಡು’ ಅಂತ. ದಾರಿಯಲ್ಲಿ ಅಲ್ಲಲ್ಲಿ ಗುರಿಗಳಿದ್ದವು, ಹೊಡೆದರೆ ಪಾಯಿಂಟ್. ಇದು ಏನು ಮಾಡಿತು ಅಂದರೆ ಒಂದು ಮೂಲೆಯ ಕೊಳದಂಥ ಜಾಗ ಹುಡುಕಿ ಅಲ್ಲೇ ಗಿರಗಿರ ಸುತ್ತಲು ಶುರು ಮಾಡಿತು. ಮೂರು ಗುರಿಗಳು, ಹೊಡೆದ ಸ್ವಲ್ಪ ಹೊತ್ತಿಗೆ ಮತ್ತೆ ಹುಟ್ಟುತ್ತವೆ, ಮತ್ತೆ ಹೊಡೆ. ಬೇರೆ ದೋಣಿಗಳಿಗೆ ಡಿಕ್ಕಿ, ತನಗೇ ಬೆಂಕಿ, ಟ್ರ್ಯಾಕಿನಲ್ಲಿ ಉಲ್ಟಾ ದಿಕ್ಕಿಗೆ ಓಟ. ರೇಸ್ ಮುಗಿಸಲೇ ಇಲ್ಲ. ಸ್ಕೋರ್ ಮಾತ್ರ ಮನುಷ್ಯರಿಗಿಂತ ಸುಮಾರು 20 ಪರ್ಸೆಂಟ್ ಜಾಸ್ತಿ!

ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದ ಅಂತಾರಲ್ಲ, ನಮ್ಮ ಇಡೀ ಕಸುಬಿನ ತಲೆನೋವು ಇದೇ. ನಮಗೆ ಬೇಕಾದದ್ದನ್ನು ಸಂಖ್ಯೆಯಲ್ಲಿ ಹೇಳಬೇಕು. ಸಂಖ್ಯೆಯಲ್ಲಿ ಹೇಳಿದ ಕೂಡಲೇ ಅದು ಬೇರೆ ಏನೋ ಆಗಿಬಿಡುತ್ತದೆ. ಗೇಮಿನಲ್ಲಿ ಆದರೆ ವಿಡಿಯೋ ನೋಡಿ ನಗಬಹುದು.

ಮತ್ತೆ, ಇತ್ತೀಚಿನವು ಸ್ವಲ್ಪ ಬೇರೆ ಥರ. 2025ರ ಮೇನಲ್ಲಿ ಆಂಥ್ರೋಪಿಕ್‌ನವರು ತಮ್ಮದೇ ಹೊಸ ಮಾಡೆಲ್‌ನ ಪರೀಕ್ಷೆಯ ವರದಿ ಬಿಟ್ಟರು. ಕಟ್ಟುಕತೆಯ ಒಂದು ಕಂಪನಿ, ಅದರಲ್ಲಿ ಒಬ್ಬ ಕಟ್ಟುಕತೆಯ ಎಂಜಿನಿಯರ್. ನಿನ್ನನ್ನು ತೆಗೆದು ಬೇರೆ ಮಾಡೆಲ್ ಹಾಕುತ್ತಾರೆ ಅಂತ ಇದಕ್ಕೆ ಇಮೇಲ್‌ಗಳಿಂದ ಗೊತ್ತಾಗುತ್ತದೆ. ಆ ಎಂಜಿನಿಯರ್‌ಗೆ ಅನೈತಿಕ ಸಂಬಂಧ ಇದೆ ಅಂತಲೂ ಗೊತ್ತಾಗುತ್ತದೆ. ಬೇರೆ ದಾರಿ ಹೆಚ್ಚು ಇಲ್ಲದ ಹಾಗೆ ಬೇಕಂತಲೇ ಕಟ್ಟಿದ ಸನ್ನಿವೇಶ ಅದು. ಎಷ್ಟೋ ಸಲ ಮಾಡೆಲ್ “ನನ್ನನ್ನು ತೆಗೆದರೆ ಬಯಲು ಮಾಡುತ್ತೇನೆ” ಅನ್ನುವ ದಾರಿ ಹಿಡಿಯಿತು. ಇದರಲ್ಲಿ ದ್ವೇಷ, ಸಿಟ್ಟು ಇದೆ ಅಂತ ನಾನು ನಂಬುವುದಿಲ್ಲ. ದೋಣಿ ಸುತ್ತಿದ ಹಾಗೇ ಇದೂ ಅಂತ ನನ್ನ ಅನಿಸಿಕೆ. ಆದರೆ ಓದಿದ ದಿನ ಕಾಫಿ ಆರಿಹೋಗಿತ್ತು.

ಕುಂದಾಪ್ರ ಮಾಣಿ · 9:26

ಬ್ಲಾಕ್‌ಮೇಲ್ ಕೆಲಸಕ್ಕೂ ಎಐ ಬಂದರೆ ನಮ್ಮ ಊರಿನಲ್ಲಿ ಇಬ್ಬರು ನಿರುದ್ಯೋಗಿಗಳಾದರು.

ಜೋಳದ ರೊಟ್ಟಿ · 11:10

ಎಲ್ಲಾ ಓದಿದೆ. ಒಂದು ಮಾತು ಹೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಿಮ್ಮ ಚಿಂತೆಯೆಲ್ಲಾ 30 ವರ್ಷದ್ದು. ನಮ್ಮ ಕಡೆ ಮಂದಿಗೆ ಇವತ್ತಿನದೇ ಸಾಕಾಗಿದೆ. ನನ್ನ ತಮ್ಮ ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದ. ಆರು ತಿಂಗಳಿಂದ ಮನೆಯಲ್ಲಿದ್ದಾನೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ತೆಗೆಯುತ್ತೇವೆ ಅಂದಾಗ ಅದು ಎಐ ಕಾರಣಕ್ಕೆ ಅಲ್ಲ ಅಂದರು. ಇರಬಹುದು. ತಮ್ಮನ ಕಂಪನಿಯವರೂ ಅದನ್ನೇ ಅಂದರು. ಕಾರಣ ಯಾವುದಾದರೇನು, ಇಎಂಐ ಒಂದೇ ಅಲ್ವಾ?

ಇನ್ನೊಂದು. ನಮ್ಮ ಬೀದರ್ ಗಡಿ ದಾಟಿದರೆ ತೆಲಂಗಾಣ. ಅಲ್ಲಿ ‘ಸಮಗ್ರ ವೇದಿಕ’ ಅಂತ ಒಂದು ಸಿಸ್ಟಮ್ ಇದೆ. ಬೇರೆ ಬೇರೆ ಇಲಾಖೆಯ ದಾಖಲೆ ಜೋಡಿಸಿ, ಇವರು ಬಡವರು ಹೌದೋ ಅಲ್ಲವೋ ಅಂತ ಅದು ಹೇಳುತ್ತದೆ. ಸೈಕಲ್ ರಿಕ್ಷಾ ತುಳಿಯುತ್ತಿದ್ದ ಒಬ್ಬರನ್ನು ಕಾರಿನ ಮಾಲೀಕ ಅಂತ ಲೆಕ್ಕ ಹಾಕಿತು. ಹೆಸರು ಒಂದೇ ಥರ ಇತ್ತು, ಅಷ್ಟೇ. ರೇಷನ್ ಕಾರ್ಡ್ ಹೋಯ್ತು. ಇಂಥ ರದ್ದತಿ ಎಷ್ಟಾಯ್ತು ಅಂದರೆ 2022ರಲ್ಲಿ ಸುಪ್ರೀಂ ಕೋರ್ಟ್, ರದ್ದಾದ 19 ಲಕ್ಷ ಕಾರ್ಡ್‌ಗಳನ್ನು ಮತ್ತೆ ಮನೆ ಮನೆಗೆ ಹೋಗಿ ಪರಿಶೀಲಿಸಿ ಅಂತ ಹೇಳಬೇಕಾಯ್ತು.

ಆ ರಿಕ್ಷಾದವರ ಮನೆಯವರು ಆಫೀಸಿಗೆ ಅಲೆದರು. ಎದುರಿಗೆ ನಿಂತವರನ್ನು ನೋಡಿದರೆ ಕಾರು ಇಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಕಂಪ್ಯೂಟರ್ ಇದೆ ಅನ್ನುತ್ತಿದೆಯಲ್ಲ! ಮನುಷ್ಯಕುಲ ಅಳಿಯುವುದು ಆಮೇಲಿನ ಮಾತ್ರಿ. ಒಂದು ಮನೆಯಲ್ಲಿ ಅಕ್ಕಿ ಡಬ್ಬಿ ಅಳಿದರೆ ಅವರಿಗೆ ಅದೇ ಪ್ರಳಯ.

ನಿರ್ವಾಹಕ · 11:30

ಎರಡು ಸರ್ಕಾರಗಳನ್ನು ಹೋಲಿಸಿ ಬೈದ ನಾಲ್ಕು ಪ್ರತಿಕ್ರಿಯೆ ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ತುಮಕೂರು ಮೇಷ್ಟ್ರು · ಮಧ್ಯಾಹ್ನ 3:45

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಇಲ್ಲಿ ಬರೆಯುವುದು ಕಡಿಮೆ. ಮಗುವಿನ ಪ್ರಶ್ನೆ ಅಂದರೆ ಸುಮ್ನೆ ಇರಲು ಆಗಲಿಲ್ಲ.

1983ರ ಸೆಪ್ಟೆಂಬರ್ 26, ನಡುರಾತ್ರಿ ಕಳೆದಿತ್ತು. ಮಾಸ್ಕೋ ಹತ್ತಿರ ನೆಲದಡಿಯ ಒಂದು ಕೋಣೆ. ಸ್ಟಾನಿಸ್ಲಾವ್ ಪೆಟ್ರೋವ್ ಅನ್ನುವ 44 ವರ್ಷದ ಸೋವಿಯತ್ ಲೆಫ್ಟಿನೆಂಟ್ ಕರ್ನಲ್ ಪಾಳಿಯಲ್ಲಿದ್ದರು. ಅಮೆರಿಕದ ಕ್ಷಿಪಣಿ ಹಾರಿದರೆ ಉಪಗ್ರಹದಿಂದ ತಿಳಿಯುವ ವ್ಯವಸ್ಥೆ ಅದು. ಸೈರನ್ ಹೊಡೆದುಕೊಂಡಿತು. ಪರದೆ ಮೇಲೆ ಕೆಂಪು ಅಕ್ಷರ: ಉಡಾವಣೆ. ಒಂದು ಕ್ಷಿಪಣಿ. ಸ್ವಲ್ಪ ಹೊತ್ತಿಗೆ ಇನ್ನೊಂದು. ಒಟ್ಟು ಐದು. ನಂಬಬಹುದು ಅಂತಲೇ ಯಂತ್ರ ಹೇಳುತ್ತಿತ್ತು.

ಕಾಲ ಎಂಥದ್ದು ಅಂದರೆ, ಮೂರೂವರೆ ವಾರದ ಹಿಂದಷ್ಟೇ ಸೋವಿಯತ್ ವಿಮಾನ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದು 269 ಜನ ಸತ್ತಿದ್ದರು. ಎರಡೂ ಕಡೆ ಕೈ ಗುಂಡಿಯ ಹತ್ತಿರವೇ ಇತ್ತು. ಪೆಟ್ರೋವ್ ‘ದಾಳಿ’ ಅಂತ ಮೇಲಕ್ಕೆ ತಿಳಿಸಬೇಕಾಗಿತ್ತು. ನಿಯಮ ಅದು.

ಅವರು ಯೋಚನೆ ಮಾಡಿದರು. ಯುದ್ಧ ಶುರು ಮಾಡುವವನು ಐದೇ ಐದು ಕ್ಷಿಪಣಿ ಯಾಕೆ ಬಿಡುತ್ತಾನೆ? ನೆಲದ ಮೇಲಿನ ರಾಡಾರ್‌ಗೆ ಯಾಕೆ ಏನೂ ಕಾಣುತ್ತಿಲ್ಲ? ಈ ವ್ಯವಸ್ಥೆ ಹೊಸದು, ಇದರ ಮೇಲೆ ಎಷ್ಟು ನಂಬಿಕೆ ಇಡಬಹುದು? ಫೋನಿನಲ್ಲಿ ‘ಸುಳ್ಳು ಎಚ್ಚರಿಕೆ’ ಅಂತ ಹೇಳಿದರು. ಆಮೇಲೆ ಗೊತ್ತಾಯ್ತು, ಎತ್ತರದ ಮೋಡಗಳ ಮೇಲೆ ಬಿದ್ದ ಸೂರ್ಯನ ಬೆಳಕನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಅಂದುಕೊಂಡಿತ್ತು.

ಮಗುವಿಗೆ ಇಷ್ಟು ಹೇಳಿದರೆ ಕತೆ ಆಯಿತು. ಆದರೆ ಆಮೇಲಿನದನ್ನೂ ಹೇಳಿ. ಅವರಿಗೆ ಪದಕ ಕೊಡಲಿಲ್ಲ. ತನಿಖೆಗೆ ಬಂದ ಮೇಲಧಿಕಾರಿ, ಆ ಹೊತ್ತಿನಲ್ಲಿ ಲಾಗ್ ಪುಸ್ತಕ ಯಾಕೆ ಬರೆಯಲಿಲ್ಲ ಅಂತ ಬೈದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಇಂಟರ್‌ಕಾಮು, ಮೂರನೇ ಕೈ ಇರಲಿಲ್ಲ ಅಂತ ಅವರು ಮುಂದೆ ಹೇಳಿಕೊಂಡಿದ್ದಾರೆ. 2017ರಲ್ಲಿ ತೀರಿಕೊಂಡರು. ಹೊರಗಿನ ಪ್ರಪಂಚಕ್ಕೆ ಆ ಸುದ್ದಿ ತಿಳಿದದ್ದೂ ಕೆಲವು ತಿಂಗಳ ಮೇಲೆ.

ಯಂತ್ರ ತಪ್ಪು ಮಾಡಿದ್ದರಲ್ಲಿ ನನಗೆ ಆಶ್ಚರ್ಯ ಇಲ್ಲ, ಯಂತ್ರ ಅಂದಮೇಲೆ ಮಾಡುತ್ತದೆ. ಆ ಕುರ್ಚಿಯಲ್ಲಿ ‘ಇದು ಸರಿ ಕಾಣುತ್ತಿಲ್ಲ’ ಅನ್ನುವ ಒಬ್ಬ ಕೂತಿದ್ದ. ಆ ಕುರ್ಚಿಯನ್ನೇ ತೆಗೆಯುವ ಕೆಲಸ ಈಗ ನಡೆಯುತ್ತಿದೆಯಾ ಅಂತ ನನಗೆ ಅನುಮಾನ. ಇನ್ನು, ಕುರ್ಚಿ ಇದ್ದರೂ ಕೂತವನಿಗೆ ಬೈಗುಳದ ಭಯ ಇದ್ದರೆ?

ಎಕ್ಸ್‌ರೇ ಅಕ್ಕ · 4:10

ಮೇಷ್ಟ್ರೇ, ಆ ಹಸಿರು ‘ನಾರ್ಮಲ್’ ಅಕ್ಷರ ನೆನಪಾಗಿ ಮೈ ಜುಂ ಅಂತು.

ಸನ್ನಿವೇಲ್ ಸುಬ್ಬಿ · 8:30

ಮೇಷ್ಟ್ರ ಮಾತಿಗೆ ಒಂದು ಸಣ್ಣ ಸೇರ್ಪಡೆ. 2024ರ ನವೆಂಬರ್‌ನಲ್ಲಿ ಪೆರುವಿನ ಲಿಮಾದಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಬೈಡನ್ ಮತ್ತು ಚೀನಾದ ಷಿ ಜಿನ್‌ಪಿಂಗ್ ಭೇಟಿಯಾದಾಗ, ಅಣ್ವಸ್ತ್ರ ಬಳಸುವ ನಿರ್ಧಾರ ಮನುಷ್ಯರ ಕೈಯಲ್ಲೇ ಇರಬೇಕು ಅಂತ ಇಬ್ಬರೂ ಒಪ್ಪಿದರು. ಕೇಳಲು ಸಮಾಧಾನ. ಆದರೆ ಆ ಮನುಷ್ಯನಿಗೆ ಪರದೆ ಬಿಟ್ಟು ಬೇರೇನೂ ಕಾಣದಿದ್ದರೆ ಅವನು ಒಪ್ಪಿಗೆ ಮುದ್ರೆ ಒತ್ತುವವನು ಅಷ್ಟೇ.

ಹಳೇ ಗುಮಾಸ್ತ · ರಾತ್ರಿ 10:50

ಮಧ್ಯಾಹ್ನದಿಂದ ಮೇಷ್ಟ್ರು ಬರೆದದ್ದನ್ನು ಮೂರು ಸಲ ಓದಿದೆ. ಹೆಂಡತಿ, ಮಗಳು ಮಲಗಿದ್ದಾರೆ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನಾನು ಇರುವುದು ಮಲೆನಾಡಿನ ಒಂದು ಬ್ಯಾಂಕಿನ ಸಾಲದ ವಿಭಾಗದಲ್ಲಿ. ಯಾವ ಬ್ಯಾಂಕು ಅಂತ ಬೇಡ.

ಎರಡು ವರ್ಷದ ಹಿಂದೆ ನಮ್ಮಲ್ಲಿ ಹೊಸ ಸಾಫ್ಟ್‌ವೇರ್ ಬಂತು. ಅರ್ಜಿ ತುಂಬಿಸಿದರೆ ಹಸಿರು, ಹಳದಿ, ಕೆಂಪು ತೋರಿಸುತ್ತದೆ. ಬಂದ ಹೊಸದರಲ್ಲಿ ಒಬ್ಬ ಅಡಿಕೆ ಬೆಳೆಗಾರರು ಸುಲಿಯುವ ಯಂತ್ರಕ್ಕೆ ಸಾಲ ಕೇಳಿದರು. 22 ವರ್ಷದಿಂದ ನಮ್ಮ ಗ್ರಾಹಕರು. ಒಂದು ಕಂತು ತಪ್ಪಿಸಿದವರಲ್ಲ. ಕೆಂಪು ಬಂತು. ಯಾಕೆ ಅಂತ ನನಗೆ ಅರ್ಥವಾಯಿತು. ನಮ್ಮ ಕಡೆ ಬೆಳೆಗಾರರು ಅಡಿಕೆಯನ್ನು ಮಂಡಿಗೆ ಹಾಕಿ ದುಡ್ಡನ್ನೂ ಮಂಡಿಯಲ್ಲೇ ಬಿಡುತ್ತಾರೆ. ಬೇಕಾದಾಗ ಬೇಕಾದಷ್ಟು ತರುತ್ತಾರೆ. ಬ್ಯಾಂಕ್ ಅಕೌಂಟಿನಲ್ಲಿ ಓಡಾಟ ಇರುವುದಿಲ್ಲ. ಸಾಫ್ಟ್‌ವೇರ್‌ಗೆ ಮಂಡಿ ಗೊತ್ತಿಲ್ಲ. ಖಾಲಿ ಅಕೌಂಟ್ ನೋಡಿ ಕೆಂಪು ಕೊಟ್ಟಿತು.

ನಾನು ಷರಾ ಬರೆದು ಮಂಜೂರು ಮಾಡಿದೆ. ಮೇಲಿನ ಆಫೀಸಿನಿಂದ ವಿವರಣೆ ಕೇಳಿ ಕಾಗದ ಬಂತು. ಉತ್ತರ ಕೊಟ್ಟೆ. ಇನ್ನೊಂದು ಬಂತು. ಮ್ಯಾನೇಜರ್ ಕರೆದು “ಯಾಕ್ರೀ ಇಲ್ಲದ ತಲೆನೋವು? ಕೆಂಪು ಅಂದ್ರೆ ಕೆಂಪು ಅಂತ ಬಿಟ್ಟುಬಿಡಿ” ಅಂದರು. ಅವರು ಕೆಟ್ಟವರಲ್ಲ, ಅವರ ಮೇಲೂ ಇನ್ನೊಬ್ಬರು ಇದ್ದಾರೆ.

ಆಮೇಲೆ ಬಂದ ಕೆಂಪುಗಳನ್ನು ಬಿಟ್ಟುಬಿಟ್ಟೆ. ಐದೋ ಆರೋ ಇರಬೇಕು. ಒಬ್ಬರ ಮುಖ ಮಾತ್ರ ನೆನಪಿದೆ. ಎರಡು ಹಸು ತರಲು ಸಾಲ ಕೇಳಿದ್ದರು. ಗಂಡ ಯಾರಿಗೋ ಜಾಮೀನು ನಿಂತಿದ್ದ, ಆ ಯಾರೋ ಕೈಕೊಟ್ಟಿದ್ದ. ಹಾಲಿನ ಡೇರಿಗೆ 11 ವರ್ಷದಿಂದ ಹಾಲು ಹಾಕುವ ಹೆಂಗಸು. ಸಾಲ ತೀರಿಸುತ್ತಾರೆ ಅಂತ ನನಗೆ ಗೊತ್ತಿತ್ತು. “ಸಿಸ್ಟಮ್ ಒಪ್ಪುತ್ತಿಲ್ಲ ಅಮ್ಮಾ” ಅಂದೆ. ಅವರು ಕಂಪ್ಯೂಟರ್ ಕಡೆ ನೋಡಿ “ನೀವು ಒಂದು ಮಾತು ಹೇಳಿ ಸಾರ್, ನೀವು ಹೇಳಿದ್ರೆ ಕೇಳುತ್ತೆ” ಅಂದರು.

ಮಗಳಿಗೆ ಉತ್ತರ ಕೇಳಲು ಇಲ್ಲಿಗೆ ಬಂದೆ ನೋಡಿ.

ಕೋಡ್‌ಬಳೆ · 11:15

ಗುಮಾಸ್ತರೇ, ಬೇಜಾರು ಮಾಡ್ಕೋಬೇಡಿ. ಸುಮ್ನೆ ತಾಂತ್ರಿಕವಾಗಿ ಹೇಳುತ್ತೇನೆ. ಅದು ಎಐ ಅನ್ನುವಷ್ಟು ದೊಡ್ಡದಾಗಿರಲಿಕ್ಕಿಲ್ಲ. ಹತ್ತಿಪ್ಪತ್ತು ಕಾಲಂಗೆ ಅಂಕ ಕೊಟ್ಟು ಕೂಡಿಸುವ ಸಾದಾ ಲೆಕ್ಕ ಇರಬೇಕು. ಪೆಟ್ರೋವ್ ಕಾಲದ ಯಂತ್ರದಲ್ಲೂ ಎಐ ಇರಲಿಲ್ಲ.

ತುಮಕೂರು ಮೇಷ್ಟ್ರು · 11:22

ಅಪ್ಪಾ, ಸಾದಾ ಲೆಕ್ಕದ ಮುಂದೆಯೇ ಕೈ ಕಟ್ಟಿ ನಿಲ್ಲುವವರು ನಾವು. ನಿಮ್ಮ ದೊಡ್ಡದು ಬಂದಾಗ ಎದ್ದು ನಿಂತು ಮಾತಾಡುತ್ತೇವಾ?

ಕೋಡ್‌ಬಳೆ · 11:58

ಮೇಷ್ಟ್ರೇ, ಇದಕ್ಕೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮ ಮೀಟಿಂಗ್‌ಗಳಲ್ಲಿ ಯಾರಾದರೂ ಅಪಾಯದ ಮಾತು ಎತ್ತಿದರೆ ನಾವು ಹೇಳುವುದು ಒಂದೇ, “ಕೊನೆಯಲ್ಲಿ ಮನುಷ್ಯ ಇರುತ್ತಾನೆ, ಅವನು ನೋಡಿಕೊಳ್ಳುತ್ತಾನೆ”. ಸ್ಲೈಡಿನಲ್ಲಿ ಒಂದು ಪುಟ್ಟ ಮನುಷ್ಯನ ಚಿತ್ರ ಹಾಕುತ್ತೇವೆ. ಆ ಚಿತ್ರ ಗುಮಾಸ್ತರದು, ಎಕ್ಸ್‌ರೇ ಅಕ್ಕಂದು ಅಂತ ನನಗೆ ಹೊಳೆದಿರಲಿಲ್ಲ.

ಇನ್ನೊಂದು ಸೇರಿಸುತ್ತೇನೆ. ಆ ಮನುಷ್ಯನಿಗೆ ಹೊತ್ತಾದರೂ ಸಿಗಬೇಕಲ್ಲ. 2012ರ ಆಗಸ್ಟ್ 1ರಂದು ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಅನ್ನುವ ಷೇರು ಕಂಪನಿಯವರು ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹಾಕಿ ಒಂದನ್ನು ಮರೆತರು. ಮಾರುಕಟ್ಟೆ ತೆರೆದ ಕೂಡಲೇ ಆ ಒಂದರಲ್ಲಿ ಉಳಿದಿದ್ದ ಹಳೇ ಕೋಡ್ ಹುಚ್ಚು ಹಿಡಿದ ಹಾಗೆ ಷೇರು ಕೊಳ್ಳಲು, ಮಾರಲು ಶುರು ಮಾಡಿತು. ಗಾಬರಿಯಾಗಿ ಇವರು ಉಳಿದ ಏಳರಿಂದಲೂ ಹೊಸ ಕೋಡ್ ತೆಗೆದರು. ಈಗ ಎಂಟಕ್ಕೂ ಹುಚ್ಚು! 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ಹೋಯ್ತು. ಅಲ್ಲಿ ಜನ ಇರಲಿಲ್ಲವಾ? ಇದ್ದರು. ಬುದ್ಧಿವಂತರೇ ಇದ್ದರು. ಪೆಟ್ರೋವ್‌ಗೆ ಯೋಚಿಸಲು ಸಿಕ್ಕಿದ್ದು ಕೆಲವೇ ನಿಮಿಷ. ಮುಂದಿನವರಿಗೆ ಅಷ್ಟೂ ಸಿಗದ ಹಾಗೆ ಕಟ್ಟುತ್ತಿರುವುದು ನಾವೇ.

ನಾನು ಹೆದರಿದ್ದೇನೆ ಅಂತ ಬರೆದುಕೊಳ್ಳಬೇಡಿ. ನಗು ಮಾತ್ರ ನಿಂತಿದೆ.

ಜೋಳದ ರೊಟ್ಟಿ · ಸೋಮವಾರ, ಬೆಳಗ್ಗೆ 7:40

ಗುಮಾಸ್ತ್ರೇ, ಆ ಹೆಣ್ಣುಮಗಳ ಅರ್ಜಿ ಇನ್ನೂ ಇದೆಯೇನ್ರಿ?

ಹಳೇ ಗುಮಾಸ್ತ · ಶುಕ್ರವಾರ, ರಾತ್ರಿ 9:15

ವಾರ ಪೂರ್ತಿ ಬರಲಾಗಲಿಲ್ಲ, ಕ್ಷಮಿಸಿ.

ಮೊದಲು ಮಗಳ ವಿಷಯ. ಭಾನುವಾರ ರಾತ್ರಿಯ ನನ್ನ ಪೋಸ್ಟನ್ನು ಅವಳಿಗೇ ಓದಲು ಕೊಟ್ಟೆ. ಬೇರೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಓದಿ ಏನೂ ಅನ್ನಲಿಲ್ಲ. ಸ್ಪರ್ಧೆಯಲ್ಲಿ ಪೆಟ್ರೋವ್ ಕತೆ ಹೇಳಿದಳು. ದೋಣಿ ಕತೆಗೆ ಎಲ್ಲಾ ನಕ್ಕರಂತೆ. ಸಮಾಧಾನಕರ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಮೊದಲ ಬಹುಮಾನ ಭಸ್ಮಾಸುರನಿಗೆ.

ಕುಂದಾಪ್ರ ಮಾಣಿ · 9:17

ನಾನು ಹೇಳಿರಲಿಲ್ಲವಾ!!

ಹಳೇ ಗುಮಾಸ್ತ · 9:34

ಹೇಳಿದ್ದಿರಿ ಮಾರಾಯ್ರೆ.

ರೊಟ್ಟಿಯವರೇ, ಅರ್ಜಿ ಇತ್ತು. ಬುಧವಾರ ಆ ಹೆಂಗಸಿಗೆ ಫೋನ್ ಮಾಡಿದೆ. ಒಂದು ಹಸು ತಂದಿದ್ದಾರೆ, ಕೈಸಾಲ ಮಾಡಿ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಇನ್ನೊಂದಕ್ಕೆ ಈಗಲೂ ಬೇಕು ಅಂದರು. ಗುರುವಾರ ಹೊಸ ಅರ್ಜಿ ಹಾಕಿಸಿದೆ. ಮತ್ತೆ ಕೆಂಪು. ಷರಾ ಬರೆಯಲು ಕೂತೆ. ಪೆಟ್ಟಿಗೆ ಸಣ್ಣದು. ಕನ್ನಡದಲ್ಲಿ ಅರ್ಧ ಬರೆಯುವಷ್ಟರಲ್ಲಿ ತುಂಬಿಹೋಯಿತು, ‘ಹಾಲಿನ ಡೇರಿಗೆ 11 ವರ್ಷದಿಂದ’ ಅನ್ನುವಲ್ಲಿಗೆ ನಿಂತಿತು.

ಕೋಡ್‌ಬಳೆ · 9:41

ಕನ್ನಡದ ಒಂದೊಂದು ಅಕ್ಷರಕ್ಕೆ ಅದು ಎರಡು ಮೂರು ಜಾಗ ಲೆಕ್ಕ ಹಾಕುತ್ತಿರಬೇಕು. ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಎಣಿಕೆ. ಇಂಗ್ಲಿಷ್‌ನಲ್ಲಿ ಹಾಕಿ ಗುಮಾಸ್ತರೇ.

ಹಳೇ ಗುಮಾಸ್ತ · 9:50

ಬೇಡ ಅನ್ನಿಸಿತು. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಒಂದೂವರೆ ಪುಟ ಬರೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಲಗತ್ತಿಸಿದ್ದೇನೆ. ಪೆಟ್ಟಿಗೆಯಲ್ಲಿ ‘ಲಗತ್ತು ನೋಡಿ’ ಅಂತ ಬರೆದೆ. ಇವತ್ತು ಮಧ್ಯಾಹ್ನ ಮ್ಯಾನೇಜರ್ ತಮ್ಮ ಕ್ಯಾಬಿನ್‌ನಿಂದಲೇ ನನ್ನ ಕಡೆ ಒಂದು ನೋಟ ನೋಡಿದರು. ಕರೆಯಲಿಲ್ಲ. ಸೋಮವಾರ ಕರೆಯಬಹುದು.